ಮಗಳಿಗೆ ಕೊಡಬಹುದಾ ಅಂತ ಕೇಳುವವರಿಗೆ

ಹದಿಹರೆಯದವರ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಕಾದಂಬರಿಗಳ ಬಗ್ಗೆ ನಾನಿಲ್ಲಿ ಏನೇ ಬರೆದರೂ ಇನ್‌ಬಾಕ್ಸಿಗೆ ಬರುವ ಪ್ರಶ್ನೆ ಎರಡೇ. "ಮೇಡಂ, ಮಗಳಿಗೆ ಈಗಷ್ಟೇ ಹದಿಮೂರು ತುಂಬಿದೆ, ಇದನ್ನ ಕೊಡಬಹುದಾ?" ಅನ್ನುವುದು ಒಂದು. "ಇದರಲ್ಲಿ ನೀತಿ ಏನಿದೆ?" ಅನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತವರಿಗೆ ಅಷ್ಟು ಆತಂಕ ಇರುವುದೇ. ಎರಡನೆಯದಕ್ಕೆ ಮಾತ್ರ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ನನ್ನ ತಕರಾರು ಇಷ್ಟು. ಈ ಎರಡೂ ಪ್ರಶ್ನೆಗಳಲ್ಲಿ ಪುಸ್ತಕ ಓದಬೇಕಾದ ಹುಡುಗಿಯೇ ಇಲ್ಲ. ರಿವ್ಯೂ ಬರೆಯುವ ನಾವೂ ಬಹಳಷ್ಟು ಸಲ ಅವಳನ್ನು ಪಕ್ಕಕ್ಕೆ ಕೂರಿಸಿ ಅವಳ ಅಪ್ಪ ಅಮ್ಮನ ಜೊತೆ ಮಾತಾಡುತ್ತೇವೆ. "ಹಿಂಸೆ ಇದೆ, ಆದರೆ ಮಿತಿಯಲ್ಲಿದೆ." "ಸ್ನೇಹದ ಮಹತ್ವವನ್ನು ಸಾರುತ್ತದೆ." "ಮಕ್ಕಳ ಕಲ್ಪನಾಶಕ್ತಿ ಬೆಳೆಸುತ್ತದೆ." ಇಂಥ ಸಾಲುಗಳನ್ನು ಪುಸ್ತಕ ಓದದೆಯೂ ಬರೆಯಬಹುದು. ದೊಡ್ಡವರ ಕಾದಂಬರಿಯ ಬಗ್ಗೆ ಹೀಗೆ ಬರೆದರೆ ನಗುತ್ತಾರೆ. ಮಕ್ಕಳದ್ದಲ್ಲವಾ, ನಡೆಯುತ್ತದೆ.

ನಾನು ಇಂಥ ಪುಸ್ತಕ ಹಿಡಿದರೆ ಮೊದಲು ನೋಡುವುದು ಒಂದನ್ನು. ಈ ಲೋಕದಲ್ಲಿ ಮಾಯೆಯೋ ಯಂತ್ರವೋ ಏನಿದೆಯೋ, ಅದಕ್ಕೆ ಬೆಲೆ ತೆರುವವರು ಯಾರು? ನಾಯಕನೋ ನಾಯಕಿಯೋ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಾಗ ಲೇಖಕರು ಆ ಬೆಲೆಯನ್ನು ಸದ್ದಿಲ್ಲದೆ ಮನ್ನಾ ಮಾಡುತ್ತಾರಾ? ಮಾಡಿದರೆ ಹದಿನಾಲ್ಕರ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಮೋಸದ ವಾಸನೆ ಹಿಡಿಯುವುದರಲ್ಲಿ ಆ ವಯಸ್ಸಿನವರನ್ನು ಮೀರಿಸುವವರಿಲ್ಲ.

1968ರಲ್ಲಿ ಬಂದ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ನೋಡಿ. ಕೊಂಚ ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಎಂದು ಬರ್ಕ್ಲಿಯ ಪಾರ್ನಾಸಸ್ ಪ್ರೆಸ್ ಕೇಳಿದ್ದರಿಂದ ಹುಟ್ಟಿದ ಕಾದಂಬರಿ ಅದು. ಬಿಳಿಗಡ್ಡದ ಮಾಂತ್ರಿಕರನ್ನು ಎಲ್ಲರೂ ಕಂಡಿದ್ದಾರೆ, ಅವರು ಹುಡುಗರಾಗಿದ್ದಾಗ ಏನು ಮಾಡುತ್ತಿದ್ದರು ಅನ್ನುವ ಪ್ರಶ್ನೆಯಿಂದ ಲೆ ಗ್ವಿನ್ ಶುರು ಮಾಡಿದರು. ಮೇಕೆ ಕಾಯುತ್ತಿದ್ದ ಗೆಡ್ ಎಂಬ ಹುಡುಗ ರೋಕ್ ದ್ವೀಪದ ಶಾಲೆಗೆ ಬರುತ್ತಾನೆ. ಅಲ್ಲಿ ಗುರುವೊಬ್ಬ ಬೆಣಚುಕಲ್ಲನ್ನು ವಜ್ರದಂತೆ ಕಾಣಿಸುತ್ತಾನೆ. ಕಾಣಿಸುವುದಲ್ಲ, ನಿಜವಾಗಿ ವಜ್ರ ಮಾಡುವುದು ಹೇಗೆ ಅಂತ ಹುಡುಗನ ಪ್ರಶ್ನೆ. ಒಂದು ಹರಳನ್ನು ಬದಲಿಸಬೇಕಾದರೂ ಅದರಿಂದ ಲೋಕದಲ್ಲಿ ಏನೇನು ಏರುಪೇರಾದೀತು ಎಂದು ಮೊದಲು ತಿಳಿದಿರಬೇಕು ಅನ್ನುತ್ತಾನೆ ಗುರು. ಆ ವಯಸ್ಸಿನಲ್ಲಿ ಇದೆಲ್ಲ ಯಾರ ತಲೆಗೆ ಹೋಗುತ್ತದೆ? ಗೆಡ್‌ನ ತಲೆಗೂ ಹೋಗುವುದಿಲ್ಲ. ಸಹಪಾಠಿಯೊಬ್ಬ ಕೆಣಕಿದ ಅಂತ ಜಂಬಕ್ಕೆ ಬಿದ್ದು, ಎಂದೋ ಸತ್ತವಳನ್ನು ಮಂತ್ರ ಹಾಕಿ ಕರೆಯುತ್ತಾನೆ. ಅವಳ ಹಿಂದೆಯೇ ಒಂದು ನೆರಳು ಈಚೆಗೆ ನುಗ್ಗಿ ಅವನ ಮುಖ ಪರಚುತ್ತದೆ. ಆ ಬಿರುಕನ್ನು ಮುಚ್ಚಲು ಹೋಗಿ ಶಾಲೆಯ ಹಿರಿಯ ಮಾಂತ್ರಿಕ ಪ್ರಾಣ ಬಿಡುತ್ತಾನೆ.

ಪುಸ್ತಕ ಇನ್ನೂ ಅರ್ಧವೂ ಆಗಿರುವುದಿಲ್ಲ ನೋಡಿ. ಉಳಿದದ್ದೆಲ್ಲ ಮುಖದ ಮೇಲೆ ಕಲೆ ಹೊತ್ತ ಹುಡುಗ ಆ ನೆರಳಿನಿಂದ ಓಡುವುದು, ಆಮೇಲೆ ತಿರುಗಿ ಅದರ ಬೆನ್ನು ಹತ್ತುವುದು. ಕೊನೆಯಲ್ಲಿ ಮಹಾಯುದ್ಧವಿಲ್ಲ, ಸೈನ್ಯಗಳಿಲ್ಲ, ದುಷ್ಟ ಚಕ್ರವರ್ತಿ ಇಲ್ಲ. ಇದರ ನೀತಿ ಹೇಳಿ ಅಂದರೆ "ಅಹಂಕಾರ ಒಳ್ಳೆಯದಲ್ಲ" ಅನ್ನಬೇಕಾಗುತ್ತದೆ. ಅಷ್ಟಕ್ಕೆ ಶಾಲೆಯ ಗೋಡೆಬರಹ ಸಾಕು. ಕಾದಂಬರಿ ಮಾಡುವುದು ಬೇರೆ. ತಪ್ಪು ಮಾಡಿದ ಮೇಲೆ, ಎಲ್ಲರಿಗೂ ಅದು ಗೊತ್ತಾದ ಮೇಲೆ, ಮತ್ತೆ ಅದೇ ತರಗತಿಗೆ ಹೋಗಿ ಕೂರಬೇಕಲ್ಲ, ಆ ಸಂಕಟವನ್ನು ಓದುವವರ ಹೊಟ್ಟೆಯೊಳಗೆ ಇಳಿಸುತ್ತದೆ. ಹೈಸ್ಕೂಲು ದಾಟಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಗೆಡ್‌ನದು ತಾಮ್ರದ ಕಂದು ಮೈಬಣ್ಣ. ಅವನ ಗೆಳೆಯ ವೆಚ್ ಕಪ್ಪು. ಆ ಲೋಕದಲ್ಲಿ ಬಿಳಿಯರು ದೂರದಿಂದ ಬಂದು ದಾಳಿ ಮಾಡುವವರು. ಲೆ ಗ್ವಿನ್ ಇದನ್ನು ಡಂಗುರ ಸಾರದೆ, ಕಥೆ ನಡೆಯುತ್ತ ನಡೆಯುತ್ತ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೂ ಎಷ್ಟೋ ಮುಖಪುಟಗಳಲ್ಲಿ ಹುಡುಗ ಬೆಳ್ಳಗಾದ. 2004ರಲ್ಲಿ ಅಮೆರಿಕದ ಸೈ ಫೈ ಚಾನೆಲ್ ಕಿರುಸರಣಿ ಮಾಡಿದಾಗ ಗೆಡ್ ಪಾತ್ರಕ್ಕೆ ಬಿಳಿಯ ನಟನೇ ಬಂದ. ಲೆ ಗ್ವಿನ್ ಸುಮ್ಮನಿರಲಿಲ್ಲ, ಬಹಿರಂಗವಾಗಿ ಪ್ರತಿಭಟಿಸಿ ಬರೆದರು. ಹಾಗಾಗಿ ರಿವ್ಯೂ ಬರೆಯುವಾಗ ಮುಖಪುಟದ ಬಗ್ಗೆಯೂ ಎರಡು ಸಾಲು ಇರಲಿ ಅನ್ನುವುದು ನನ್ನ ಹಟ. ಅಂಗಡಿಯಲ್ಲಿ ಪುಸ್ತಕ ಎತ್ತಿಕೊಳ್ಳುವ ಹುಡುಗ ಮೊದಲು ನೋಡುವುದು ಅದನ್ನೇ.

ಅರ್ಥ್‌ಸೀಯನ್ನು ಹೊಗಳಿ ನಿಲ್ಲಿಸಿದರೂ ರಿವ್ಯೂ ಆಗುವುದಿಲ್ಲ. ರೋಕ್ ಶಾಲೆಯಲ್ಲಿ ಒಬ್ಬ ಹುಡುಗಿಯೂ ಇಲ್ಲ. ಹೆಂಗಸರ ಮಂತ್ರ ಅಂದರೆ ದುರ್ಬಲ, ಕೆಡುಕು ಅನ್ನುವ ಅರ್ಥದ ಗಾದೆಗಳೇ ಆ ಲೋಕದಲ್ಲಿ ಓಡಾಡುತ್ತವೆ. ಇವತ್ತಿನ ಹದಿನೈದರ ಹುಡುಗಿ "ನಾನೆಲ್ಲಿ?" ಅಂತ ಕೇಳದೆ ಬಿಡುವುದಿಲ್ಲ, ಬಿಡಬಾರದು. ಲೆ ಗ್ವಿನ್ ತಾವೇ 1990ರಲ್ಲಿ 'ತೆಹಾನು' ಬರೆದು ಆ ಪ್ರಶ್ನೆಯನ್ನು ಎದುರಿಸಿದರು. ಶಕ್ತಿಯೆಲ್ಲ ಖಾಲಿಯಾದ ಗೆಡ್ ಅಲ್ಲಿ ಒಬ್ಬ ವಿಧವೆಯ ಮನೆಗೆ ಬಂದು ಸೇರುತ್ತಾನೆ. ಮೊದಲ ಪುಸ್ತಕ ಮೆಚ್ಚಿದ ಹುಡುಗರಿಗೆ ಇದು ಬೇಸರ ತರಿಸಬಹುದು. ತರಿಸಲಿ, ಇನ್ನು ಕೆಲವು ವರ್ಷ ಕಾಯಲಿ.

ಈಗ ಎಲ್ಲರೂ ಸಿನಿಮಾ ನೋಡಿ ಮುಗಿಸಿರುವ 'ದಿ ಹಂಗರ್ ಗೇಮ್ಸ್'. ಸುಝಾನ್ ಕಾಲಿನ್ಸ್ ಅವರ ಕಾದಂಬರಿ, 2008. ಹನ್ನೆರಡು ಜಿಲ್ಲೆಗಳು, ಪ್ರತಿ ಜಿಲ್ಲೆಯಿಂದ 12ರಿಂದ 18ರ ಒಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿ. 24 ಮಕ್ಕಳು ಟೀವಿ ಕ್ಯಾಮೆರಾದ ಮುಂದೆ ಬಡಿದಾಡಿ ಒಬ್ಬರು ಉಳಿಯಬೇಕು. ಒಂದು ರಾತ್ರಿ ಚಾನೆಲ್ ಬದಲಿಸುತ್ತಿದ್ದಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಕಲೆಸಿಹೋದಂತಾಗಿ ಕಥೆ ಹೊಳೆಯಿತು ಎಂದು ಕಾಲಿನ್ಸ್ ಹೇಳಿಕೊಂಡಿದ್ದಾರೆ. ಅಥೆನ್ಸಿನಿಂದ ಏಳು ಹುಡುಗರು, ಏಳು ಹುಡುಗಿಯರನ್ನು ಮಿನೊಟಾರ್ ಎಂಬ ರಾಕ್ಷಸನಿಗೆ ಕಳಿಸುವ ಗ್ರೀಕ್ ಕಥೆಯೂ ಅವರ ಮನಸ್ಸಿನಲ್ಲಿತ್ತು.

ನಮ್ಮ ಮಕ್ಕಳಿಗೆ ಗ್ರೀಸಿನವರೆಗೆ ಹೋಗುವ ಕೆಲಸವಿಲ್ಲ. ಬಕಾಸುರನಿಗೆ ದಿನಕ್ಕೊಂದು ಮನೆಯಿಂದ ಬಂಡಿ ಅನ್ನ, ಜೊತೆಗೊಬ್ಬ ಮನುಷ್ಯ. ಆದರೆ ಏಕಚಕ್ರನಗರದಲ್ಲಿ ಆ ಮನೆಯ ಸರದಿ ಬಂದ ದಿನ ಅದೃಷ್ಟಕ್ಕೆ ಭೀಮ ಅಲ್ಲಿದ್ದ. ಕಾಲಿನ್ಸ್ ಬರೆದಿರುವುದು ಭೀಮನಿಲ್ಲದ ಏಕಚಕ್ರನಗರದ ಕಥೆ. ತಂಗಿಯ ಚೀಟಿ ಬಂದಾಗ ಹದಿನಾರರ ಅಕ್ಕ ಕ್ಯಾಟ್ನಿಸ್ ತಾನೇ ಬಂಡಿ ಹತ್ತುತ್ತಾಳೆ. ಹೊರಗಿನಿಂದ ಯಾರೂ ಬರುವುದಿಲ್ಲ.

ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಭಯಂಕರ ಅನ್ನಿಸಿದ್ದು ಕೊಲೆಗಳಲ್ಲ, ಚೀಟಿ ಎತ್ತುವ ಲೆಕ್ಕ. ಹನ್ನೆರಡು ತುಂಬಿದಾಗ ನಿಮ್ಮ ಹೆಸರಿನ ಚೀಟಿ ಒಂದು, ಹದಿಮೂರಕ್ಕೆ ಎರಡು, ಹೀಗೆ ಏರುತ್ತದೆ. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಮನೆಯಲ್ಲಿ ಉಪವಾಸವಿದ್ದರೆ ಹೆಚ್ಚುವರಿ ಚೀಟಿ ಹಾಕಿಸಿ ಒಬ್ಬರಿಗೆ ವರ್ಷಕ್ಕಾಗುವಷ್ಟು ಒಂದಿಷ್ಟು ಕಾಳು, ಎಣ್ಣೆ ಪಡೆಯಬಹುದು. ಹಾಕಿದ ಚೀಟಿ ಮುಂದಿನ ವರ್ಷಕ್ಕೂ ಉಳಿಯುತ್ತದೆ, ಮೇಲೆ ಹೊಸದು ಸೇರುತ್ತದೆ. ಹಾಗಾಗಿ ಕ್ಯಾಟ್ನಿಸ್ ಹೆಸರು ಇಪ್ಪತ್ತು ಸಲ, ಮನೆ ತುಂಬ ತಮ್ಮ ತಂಗಿಯರಿರುವ ಗೆಳೆಯ ಗೇಲ್ ಹೆಸರು ನಲವತ್ತೆರಡು ಸಲ. ಊರಿನ ಮೇಯರ್ ಮಗಳಿಗೆ ಆ ಗತಿ ಇಲ್ಲ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ಗೊತ್ತಿರುವ ಮನೆಯ ಹುಡುಗನಿಗೆ ಇದು ಕಲ್ಪನೆ ಅನ್ನಿಸುವುದೇ ಇಲ್ಲ. ಇಷ್ಟು ಸಣ್ಣ ಲೆಕ್ಕದಲ್ಲಿ ಬಡತನ ಹೇಗೆ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ತೋರಿಸುವ ಪುಸ್ತಕದ ಬಗ್ಗೆ ನಾವು ಬರೆಯುವುದು ಏನು? ಅವಳ ಜಿಲ್ಲೆಯಿಂದಲೇ ಜೊತೆಗೆ ಹೋದ ಹುಡುಗ ಪೀಟಾ ಒಳ್ಳೆಯವನಾ, ಗೇಲ್ ಒಳ್ಳೆಯವನಾ.

ಅದೇ ಪುಸ್ತಕದ, ಸಿನಿಮಾದ ಮೂರು ಬೆರಳಿನ ಸಂಜ್ಞೆಯನ್ನು 2014ರ ಸೇನಾ ಕ್ರಾಂತಿಯ ನಂತರ ಥಾಯ್ಲೆಂಡಿನ ಯುವಕರು ಬೀದಿಯಲ್ಲಿ ಎತ್ತಿದರು, ಅದಕ್ಕಾಗಿ ಪೊಲೀಸರ ಕೈಗೆ ಸಿಕ್ಕರು. 2021ರಲ್ಲಿ ಮ್ಯಾನ್ಮಾರಿನಲ್ಲೂ ಅದೇ ಮೂರು ಬೆರಳು. ಯಾವ ರಿವ್ಯೂ ಓದಿಕೊಂಡು ಅವರು ಹಾಗೆ ಮಾಡಿದರು ಅಂತ ನಾನು ಯೋಚಿಸುವುದುಂಟು.

ಇನ್ನು "ಕೊಡಬಹುದಾ" ಪ್ರಶ್ನೆಗೆ. ಲೋಯಿಸ್ ಲೌರಿ ಅವರ 'ದಿ ಗಿವರ್' 1993ರದ್ದು, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಅಮೆರಿಕದ ಶಾಲೆಗಳಲ್ಲಿ ಪಠ್ಯವಾಯಿತು, ಅದೇ ಶಾಲೆಗಳಲ್ಲಿ ಬೇಡ ಅನ್ನಿಸಿಕೊಂಡಿತು. ನೋವು, ಹಸಿವು, ಜಗಳ ಏನೂ ಇಲ್ಲದ ಅಚ್ಚುಕಟ್ಟಾದ ಊರು. ಹನ್ನೊಂದರ ಜೋನಸ್ ಸೇಬನ್ನು ಎಸೆದು ಹಿಡಿದು ಆಡುವಾಗ ಅದು ಕ್ಷಣಮಾತ್ರ ಏನೋ ಬದಲಾದಂತೆ ಕಾಣುತ್ತದೆ. ಏನು ಬದಲಾಯಿತು ಎಂದು ಅವನಿಗೆ ಹೇಳಲು ಬರುವುದಿಲ್ಲ. ಎಷ್ಟೋ ಪುಟ ಆದ ಮೇಲೆ ತಿಳಿಯುತ್ತದೆ, ಆ ಊರಿನಲ್ಲಿ ಯಾರಿಗೂ ಬಣ್ಣವೇ ಕಾಣುವುದಿಲ್ಲ, ಅವನು ಕಂಡದ್ದು ಕೆಂಪು. ಅಲ್ಲಿಯವರೆಗೆ ನಾವು ನಮ್ಮ ತಲೆಯಲ್ಲಿ ಆ ಊರಿಗೆ ಬಣ್ಣ ಬಳಿದುಕೊಂಡೇ ಓದಿರುತ್ತೇವೆ. ಈ ಕೆಲಸ ಸಿನಿಮಾಕ್ಕೆ ಸಾಧ್ಯವಿಲ್ಲ.

ಹೆತ್ತವರು ಹೆದರುವ ಪುಟವೊಂದು ಇದರಲ್ಲಿದೆ. ಜೋನಸ್‌ನ ಅಪ್ಪ, ಪ್ರೀತಿಯ ಮನುಷ್ಯ, ಅವಳಿ ಶಿಶುಗಳಲ್ಲಿ ತೂಕ ಕಡಿಮೆ ಇರುವುದನ್ನು ಸೂಜಿಮದ್ದು ಕೊಟ್ಟು ಮುಗಿಸುತ್ತಾನೆ, ಮಗುವಿನ ಜೊತೆ ಮುದ್ದುಮಾತಾಡುತ್ತಲೇ. ಮಗ ಅದನ್ನು ತೆರೆಯ ಮೇಲೆ ನೋಡುತ್ತಾನೆ. ಓದಿದರೆ ನಿದ್ದೆ ಕೆಡುತ್ತದೆ, ನಿಜ. ಆದರೆ ಈ ಪುಟವನ್ನು ತೆಗೆದರೆ ಪುಸ್ತಕದಲ್ಲಿ ಉಳಿಯುವುದು ಆ ಅಚ್ಚುಕಟ್ಟಾದ ಊರು ಮಾತ್ರ, ಅದರ ಬೆಲೆ ಕಾಣೆಯಾಗುತ್ತದೆ. "ಮನಕಲಕುವ ಸನ್ನಿವೇಶಗಳಿವೆ" ಎಂದು ಎಚ್ಚರಿಕೆ ಬರೆದು ಕೈತೊಳೆದುಕೊಳ್ಳುವ ರಿವ್ಯೂ ಈ ಪುಟ ಅಲ್ಲಿ ಯಾಕಿದೆ ಎಂದು ಹೇಳುವ ಕಷ್ಟಕ್ಕೆ ಹೋಗುವುದಿಲ್ಲ. ನನ್ನನ್ನು ಕೇಳಿದರೆ ಹದಿಮೂರಕ್ಕೆ ಕೊಡಿ, ನೀವೂ ಓದಿ, ಓದಿದ್ದೀರಿ ಅಂತ ಅವಳಿಗೆ ಗೊತ್ತಿರಲಿ. ಕೊನೆಯಲ್ಲಿ ಹಿಮದ ನಡುವೆ ಜೋನಸ್ ಬದುಕಿದನಾ ಸತ್ತನಾ ಎಂದು ಲೌರಿ ಬಿಡಿಸಿ ಹೇಳಲಿಲ್ಲ, ಮುಂದಿನ ಪುಸ್ತಕಗಳಲ್ಲಿ ಹೇಳಿಬಿಟ್ಟರು. ಮುಂದಿನವು ಕೆಟ್ಟದಾಗಿವೆ ಅಂತಲ್ಲ, ಆದರೆ ಮೊದಲನೆಯದನ್ನು ಓದಿ ಒಂದಷ್ಟು ಕಾಲ ಆ ಗೊಂದಲದಲ್ಲೇ ಇರುವುದು ಒಳ್ಳೆಯದು.

ಓದಬೇಕಾದ ಹುಡುಗಿ ಹೀಗೆ ಪಕ್ಕಕ್ಕೆ ಸರಿದದ್ದರ ಹಿಂದೆ ಒಂದು ಮಾರುಕಟ್ಟೆಯ ಕಥೆಯೂ ಇದೆ. ಹದಿಹರೆಯದವರ ಪುಸ್ತಕ ಕೊಳ್ಳುವವರಲ್ಲಿ 55 ಶೇಕಡಾ ಮಂದಿ 18 ದಾಟಿದವರು ಎಂದು 2012ರಲ್ಲಿ ಅಮೆರಿಕದ ಬೌಕರ್ ಸಂಸ್ಥೆಯ ಅಧ್ಯಯನ ಹೇಳಿತು. ದೊಡ್ಡವರು ಓದಲಿ, ನಾನೂ ಓದುವವಳೇ. ಆದರೆ ದುಡ್ಡು ಎಲ್ಲಿಂದ ಬರುತ್ತದೋ ಕಥೆ ಆ ಕಡೆ ವಾಲುತ್ತದೆ. ಈಚೆಗೆ ನನ್ನ ಕೈಗೆ ಬರುವ ಈ ಬಗೆಯ ಫ್ಯಾಂಟಸಿಗಳಲ್ಲಿ ನಾಯಕಿಗೆ ಹದಿನೆಂಟೋ ಹತ್ತೊಂಬತ್ತೋ. ಎದುರಿಗೆ ಕಪ್ಪು ಕೋಟಿನ ರಾಜಕುಮಾರ, ಮೊದಲು ದ್ವೇಷ, ಆಮೇಲೆ ಪ್ರೀತಿ. ರೀಲುಗಳಲ್ಲಿ ಪುಸ್ತಕ ಪರಿಚಯಿಸುವವರೂ ಅಷ್ಟನ್ನೇ ಪಟ್ಟಿ ಮಾಡಿ ಐದು ಸ್ಟಾರ್ ಒತ್ತುತ್ತಾರೆ. ಪ್ರೀತಿ ಇರಬಾರದು ಅನ್ನುತ್ತಿಲ್ಲ ಮಾರಾಯ್ರೇ. ಹದಿಮೂರು ಹದಿನಾಲ್ಕರವರು ಎಲ್ಲಿಗೆ ಹೋಗಬೇಕು ಅನ್ನುವುದು ನನ್ನ ಪ್ರಶ್ನೆ.

ಆ ವಯಸ್ಸಿನವರಿಗೆ ನಾನು ಈಗ ಮೊದಲು ಹೇಳುವ ಹೆಸರು ನ್ನೆಡಿ ಒಕೊರಾಫೊರ್ ಅವರ 'ಅಕಾಟಾ ವಿಚ್' (2011). ಅಮೆರಿಕದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬೆಳೆಯುತ್ತಿರುವ ಸನ್ನಿಗೆ ಮೈಯಲ್ಲಿ ಬಣ್ಣವೇ ಇಲ್ಲ, ಬಿಸಿಲು ಆಗಿಬರುವುದಿಲ್ಲ, ಫುಟ್ಬಾಲ್ ಅಂದರೆ ಪ್ರಾಣ. ಅವಳು ಸೇರುವ ಮಾಂತ್ರಿಕರ ಸಮಾಜದಲ್ಲಿ ಹೊಸದೇನಾದರೂ ಕಲಿತ ಕೂಡಲೇ ಮೇಲಿನಿಂದ ದುಡ್ಡು ಉದುರುತ್ತದೆ. ದುಡ್ಡು ಸಂಪಾದಿಸಲು ಬೇರೆ ದಾರಿಯಿಲ್ಲ, ಕಲಿಯಬೇಕು. ಅಲ್ಲಿ ಚಿನ್ನಕ್ಕಿಂತ ತಾಮ್ರಕ್ಕೆ ಬೆಲೆ ಹೆಚ್ಚು! ಕಥೆಯ ಕೊನೆ ಸ್ವಲ್ಪ ಅವಸರದ್ದು, ಖಳನನ್ನು ಎದುರಿಸುವ ಭಾಗ ಬೇಗ ಮುಗಿದುಹೋಯಿತು ಅನ್ನಿಸಿತು. ಇದರ ಮುಂದಿನ ಭಾಗಕ್ಕೆ 2018ರಲ್ಲಿ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನದವರು ಹದಿಹರೆಯದವರ ಪುಸ್ತಕಕ್ಕೆಂದೇ ಆರಂಭಿಸಿದ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಪುಸ್ತಕ ಅದೇ.

ಕನ್ನಡದಲ್ಲಿ ಏನಿದೆ ಅಂತ ಕೇಳುತ್ತೀರಿ. ಪುಟ್ಟ ಮಕ್ಕಳಿಗೆ ಪದ್ಯ, ಕಥೆ, ನಾಟಕ ಧಾರಾಳ. ದೊಡ್ಡವರಿಗೆ ಕಾದಂಬರಿಗಳಿಗೇನೂ ಬರವಿಲ್ಲ. ನಡುವಿನ ಕಪಾಟು ಬಡವಾಗಿದೆ. ಅಲ್ಲಿ ನಾನು ಹುಡುಕಿ ಇಡುವುದು ತೇಜಸ್ವಿಯವರ 'ಕರ್ವಾಲೊ' (1980). ಅದನ್ನು ಹದಿಹರೆಯದವರಿಗೆಂದು ಅವರು ಬರೆಯಲಿಲ್ಲ, ಫ್ಯಾಂಟಸಿಯೂ ಅಲ್ಲ. ಆದರೆ ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಒಂದು ನಾಯಿ, ಇವರೆಲ್ಲ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ನುಗ್ಗುವ ಕಥೆಯನ್ನು ಒಂಬತ್ತನೇ ಕ್ಲಾಸಿನವರು ಒಂದೇ ಉಸಿರಿಗೆ ಓದುವುದನ್ನು ನೋಡಿದ್ದೇನೆ. ಓತಿ ಕೊನೆಗೆ ಕೈಗೆ ಸಿಗುವುದಿಲ್ಲ. ಯಾರೂ "ನೀತಿ ಏನು" ಅಂತ ಕೇಳಿದ್ದು ಕಾಣೆ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ದಾರಿ ಮಾಡಿಕೊಟ್ಟರೂ ಹದಿಮೂರು ಹದಿನಾಲ್ಕರವರ ಕೈಗೆ ಆ ಪುಸ್ತಕಗಳು ಸುಲಭಕ್ಕೆ ಸಿಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಆ ನಡುವಿನ ವಯಸ್ಸಿಗೆ ಕನ್ನಡದಲ್ಲಿ ಫ್ಯಾಂಟಸಿಯೋ ಸೈನ್ಸ್ ಫಿಕ್ಷನ್ನೋ ಬರೆಯುತ್ತಿದ್ದರೆ ಕಳಿಸಿ, ಓದುತ್ತೇನೆ. ಕನ್ನಡದಲ್ಲಿ ಬಂತಲ್ಲ ಎಂದು ಬೆನ್ನು ತಟ್ಟುವುದಿಲ್ಲ, ಮೊದಲೇ ಹೇಳಿದ್ದೇನೆ. ನನ್ನ ಜೊತೆ ಓದುವವರು ಇಬ್ಬರು ಹತ್ತನೇ ಕ್ಲಾಸಿನವರು ಇದ್ದಾರೆ. ಅವರು ನನಗಿಂತ ಖಡಕ್ಕು.