ಸುತ್ತೋಲೆ ಬಂತು, ದುಡ್ಡು?
ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಮಾರ್ಗಸೂಚಿಯೂ ಇತ್ತು, ಅನುದಾನವೂ ಇತ್ತು ಅಂತ ಒಂದು ಲೇಖನದಲ್ಲಿ ಓದಿದೆ. ಮಾರ್ಗಸೂಚಿಗೇನೂ ಬರ ಇರಲಿಲ್ಲ ಬಿಡಿ. 2021ರ ಜನವರಿಯಲ್ಲಿ ಆರನೇ ತರಗತಿಯಿಂದ ವಿದ್ಯಾಗಮ (ಮಕ್ಕಳನ್ನು ಸಣ್ಣ ಗುಂಪು ಮಾಡಿ ಪಾಠ ಹೇಳುವ ಸರ್ಕಾರದ ಯೋಜನೆ) ಮತ್ತೆ ಶುರುವಾದಾಗ ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿದ್ದೆ. ಸ್ಯಾನಿಟೈಸರ್, ಥರ್ಮಲ್ ಸ್ಕ್ಯಾನರ್, ಕೊಠಡಿಗೆ ಔಷಧಿ ಸಿಂಪಡಣೆ ಎಲ್ಲವೂ ಬೇಕಿತ್ತು. ದುಡ್ಡು ಕೇಳಿದರೆ "ಶಾಲಾ ಅನುದಾನದಲ್ಲೇ ಹೊಂದಿಸಿಕೊಳ್ಳಿ, ಇಲ್ಲವೇ ದಾನಿಗಳನ್ನು ಹಿಡಿಯಿರಿ" ಅಂತ ಇಲಾಖೆಯ ಉತ್ತರ. ನೂರು ಮಕ್ಕಳೊಳಗಿನ ಶಾಲೆಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಿಂದ ಸಿಗುವ ಅನುದಾನ ವರ್ಷಕ್ಕೆ ಹೆಚ್ಚೆಂದರೆ 25,000 ರೂಪಾಯಿ. ಕರೆಂಟ್ ಬಿಲ್, ಸೀಮೆಸುಣ್ಣ, ನಲ್ಲಿ ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ಕೊನೆಗೆ ಹೆಡ್‌ಮೇಷ್ಟ್ರೇ ಕೈಯಿಂದ ಹಾಕಿ ಸ್ಕ್ಯಾನರ್ ತಂದರು (ಸೆಲ್ ಸತ್ತಾಗ ಅದೂ ಅವರದೇ ಖರ್ಚು). ಇನ್ನು ಮುಂದಾದರೂ ಇಂಥ ಸುತ್ತೋಲೆ ಹೊರಡಿಸುವವರು ಖರ್ಚು ಬಜೆಟ್‌ನ ಯಾವ ಲೆಕ್ಕಶೀರ್ಷಿಕೆಯಿಂದ ಅಂತ ಅದರಲ್ಲೇ ಒಂದು ಸಾಲು ಬರೆಯಲಿ.