ಬೆಂದಿಲ್ಲ ಅಂದ್ರೆ ಬೆಂದಿಲ್ಲ!

ನಮ್ಮ ಕಡೆ ಕುರುಕಲು ತಿಂಡಿ ಅಂದ ಮೇಲೆ ಅದು ಕಟುಂ ಅನ್ನಬೇಕು. ಚಕ್ಕುಲಿ, ಹಪ್ಪಳ, ಹಲಸಿನಕಾಯಿ ಚಿಪ್ಸ್, ಯಾವುದೇ ಆಗಲಿ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಕೇಳಿಸದಿದ್ದರೆ ಅದು ಮೆತ್ತಗಾಗಿದೆ ಅಂತಲೇ ಲೆಕ್ಕ. ಇಂಥ ಮನೆಯಲ್ಲಿ, ಅದೂ ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ಮಳೆಗಾಲದಲ್ಲಿ, ಅಮೆರಿಕದ ಹಳೇ ಕಾಲದ ಓಟ್‌ಮೀಲ್ ಕುಕ್ಕಿ, ಅಂದರೆ ಓಟ್ಸಿನ ಬಿಸ್ಕತ್ತು ಮಾಡಲು ಹೊರಟೆ. ಅದರ ಲಕ್ಷಣ ಏನು ಗೊತ್ತಾ? ಅಂಚು ಗರಿಗರಿ ಇರಬೇಕು, ನಡು ಮೆತ್ತಗಿರಬೇಕು, ಅಗಿದರೆ ಸ್ವಲ್ಪ ಜಗ್ಗಬೇಕು. ಅಂದರೆ ನಮ್ಮತ್ತೆಯ ಪ್ರಕಾರ ಕೆಟ್ಟು ಹೋಗಿರಬೇಕು.

ರುಚಿ ಹತ್ತಿಸಿದ್ದು ನಾದಿನಿ. ಅಮೆರಿಕದಿಂದ ಬರುವಾಗ ಒಂದು ಡಬ್ಬ ತಂದಿದ್ದಳು. ಒಣದ್ರಾಕ್ಷಿ, ದಾಲ್ಚಿನ್ನಿ, ಬೆಣ್ಣೆಯ ಪರಿಮಳ. ನಾನು ಒಂದು ತಿಂದು ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಒಂದನ್ನು ಮುರಿದು ನೋಡಿ, "ಪಾಪ, ಅಷ್ಟು ದೂರದಿಂದ ಬರುವಾಗ ಗಾಳಿ ಹೋಗಿದೆ" ಅಂತ ಮರುಗಿ, ಉಳಿದದ್ದನ್ನೆಲ್ಲ ಕಾವಲಿಗೆ ಹಾಕಿ ಗರಿಗರಿ ಮಾಡಿಬಿಟ್ಟರು. ಹಾಗಾಗಿ ನಾನೇ ಮಾಡಬೇಕಾಯಿತು.

ಓಟ್ಸ್ ತರಲು ಹೋದರೆ ಅಂಗಡಿಯವರು ಮೊದಲು ಕೇಳಿದ್ದು, "ಅಕ್ಕಾ, ಶುಗರ್ ಯಾರಿಗೆ?" ನಮ್ಮೂರಲ್ಲಿ ಓಟ್ಸ್ ಕೊಳ್ಳುವುದೆಂದರೆ ಮನೆಯಲ್ಲಿ ಯಾರದೋ ರಕ್ತ ಪರೀಕ್ಷೆಯ ರಿಪೋರ್ಟ್ ಬಂದಿದೆ ಅಂತ ಅರ್ಥ. ಯಾರಿಗೂ ಇಲ್ಲ, ಬಿಸ್ಕತ್ತು ಮಾಡಲು ಅಂದೆ. ಅವರು ಸಮಾಧಾನದ ಉಸಿರು ಬಿಟ್ಟು ಮಸಾಲೆ ಹಾಕಿದ ಇನ್‌ಸ್ಟಂಟ್ ಓಟ್ಸಿನ ಪೊಟ್ಟಣ ಕೊಟ್ಟರು. ಇದಲ್ಲ, ದಪ್ಪದ್ದು ಬೇಕು ಅಂದರೆ, ಎಲ್ಲ ಒಂದೇ ಅಕ್ಕಾ ಅಂತ ವಾದ. ಎಲ್ಲ ಹೇಗೆ ಒಂದೇ ಆಗುತ್ತದೆ? ಓಟ್ಸ್ ಕಾಳನ್ನು ಹಬೆಯಲ್ಲಿಟ್ಟು ರೋಲರ್ ನಡುವೆ ಒತ್ತಿ ಚಪ್ಪಟೆ ಮಾಡುತ್ತಾರೆ. ಇಡೀ ಕಾಳನ್ನು ಒತ್ತಿದರೆ ದಪ್ಪ ಎಸಳು ಬರುತ್ತದೆ, ಅದು ರೋಲ್ಡ್ ಓಟ್ಸ್, ಅದೇ ಆ ಹಳೇ ಕಾಲದ್ದು. ತುಂಡು ಮಾಡಿ ಇನ್ನೂ ತೆಳುವಾಗಿ ಒತ್ತಿದರೆ ಬೇಗ ಬೇಯುವಂಥದ್ದು. ದಪ್ಪ ಅವಲಕ್ಕಿಗೂ ತೆಳು ಅವಲಕ್ಕಿಗೂ ಇರುವಷ್ಟೇ ವ್ಯತ್ಯಾಸ. ತೆಳುವಿನದು ನೀರು ಕಂಡ ಕೂಡಲೇ ಹೀರಿಕೊಂಡು ಹಿಟ್ಟಿನಲ್ಲಿ ಕರಗಿ ಹೋಗುತ್ತದೆ, ಕುಕ್ಕಿ ಕೇಕಿನ ಹಾಗಾಗುತ್ತದೆ. ಜಗ್ಗುವ ಗುಣ ಬರುವುದು ದಪ್ಪ ಎಸಳಿನಿಂದಲೇ. ಕೊನೆಗೆ ಅದು ಸಿಕ್ಕಿದ್ದು ಕಾಸರಗೋಡು ಪೇಟೆಗೆ ಹೋದಾಗ.

ರೆಸಿಪಿ ಸರಳ. ಮೂರು ಕಪ್ ಓಟ್ಸ್, ಒಂದೂವರೆ ಕಪ್ ಮೈದಾ, ಒಂದು ಕಪ್ ಬೆಣ್ಣೆ ಅಂದರೆ ಸುಮಾರು 225 ಗ್ರಾಂ, ಒಂದು ಕಪ್ ಕಂದು ಸಕ್ಕರೆ, ಅರ್ಧ ಕಪ್ ಬಿಳಿ ಸಕ್ಕರೆ, ಎರಡು ಮೊಟ್ಟೆ, ಒಂದು ಸಣ್ಣ ಚಮಚ ಅಡುಗೆ ಸೋಡಾ. ಮೊಟ್ಟೆ ನಮ್ಮ ಹೊಸ್ತಿಲು ದಾಟುವ ಹಾಗಿಲ್ಲ. ಒಂದೊಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆಬೀಜದ ಪುಡಿ, ಅಂಥದ್ದೇ ಮೂರು ದೊಡ್ಡ ಚಮಚ ನೀರು ಕಲಸಿಟ್ಟರೆ ಲೋಳೆಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಕಂದು ಸಕ್ಕರೆಯ ಬದಲು ಬೆಲ್ಲದ ಪುಡಿ. ಎರಡರಲ್ಲೂ ಕಾಕಂಬಿಯ ಅಂಶ ಇದೆ, ನೀರಿನ ಪಸೆಯನ್ನು ಬಿಟ್ಟುಕೊಡುವುದಿಲ್ಲ, ನಡು ಮೆತ್ತಗಿರುವುದು ಅದರಿಂದಲೇ. ಇಷ್ಟೆಲ್ಲ ಬದಲಿಸಿದರೆ ಅದು ಅಮೆರಿಕದ ಕುಕ್ಕಿಯೇ ಅಲ್ಲ ಅಂತ ಇವರು ತಕರಾರು ತೆಗೆದರು. ರೈಲು ಹತ್ತಿದರೆ ಸಿಗುವ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಅನ್ನುವವರು ಇಂಗ್ಲೆಂಡಿನ ಕ್ರಿಸ್‌ಮಸ್ ಕೇಕನ್ನು ನೋಡಿಕೊಂಡು ಅಂಥದ್ದೇ ಮಾಡಿದಾಗ ಬ್ರಾಂದಿಯ ಬದಲು ಊರಿನ ಗೇರುಹಣ್ಣಿನ ಸಾರಾಯಿ ಹಾಕಿದ್ದರಂತೆ, ಮಾಡಲು ಹೇಳಿದ ಸಾಹೇಬರು ಅದನ್ನು ಮೆಚ್ಚಿದರಂತೆ. ಆ ಸಾಹೇಬರಿಗೆ ಇಲ್ಲದ ತಕರಾರು ಇವರಿಗೆ!

ಇವರ ಇನ್ನೊಂದು ತಕರಾರು ಓವನ್ನಿನದು. "ರೆಸಿಪಿಯಲ್ಲಿ 350 ಅಂತಿದೆ, ನಮ್ಮದು 250ಕ್ಕೇ ನಿಲ್ಲುತ್ತದೆ. ಉಳಿದ ನೂರಕ್ಕೆ ಕೆಳಗಿಂದ ಗ್ಯಾಸ್ ಹಚ್ಚುವುದಾ?" ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 180ರ ಹತ್ತಿರ ಅಂತ ಹೇಳಿ ಮುಗಿಸುವಷ್ಟರಲ್ಲಿ, ನನ್ನ ಹಿಂದೆ ಅತ್ತೆ ಹಿಟ್ಟಿಗೆ ಇನ್ನೊಂದು ಮುಷ್ಟಿ ಬೆಣ್ಣೆ ಸೇರಿಸಿ ಆಗಿತ್ತು. ಮನೆಯಲ್ಲಿ ಕಡೆದ ಬೆಣ್ಣೆ, ನೀರಿನ ಪಸೆ ಜಾಸ್ತಿ. "ಬೆಣ್ಣೆ ಹಾಕಿದರೆ ಯಾವುದು ಹಾಳಾಗುತ್ತದೆ ಮಾರಾಯ್ತಿ?" ಅಂದರು. ಓವನ್ನಿನ ಒಳಗೆ ಉಂಡೆಗಳೆಲ್ಲ ಕರಗಿ, ಹರಿದು, ಕೈಕೈ ಹಿಡಿದು, ಹೊರಗೆ ಬರುವಾಗ ಟ್ರೇ ತುಂಬ ಒಂದೇ ಕುಕ್ಕಿ. ಅದನ್ನು ಚಾಕುವಿನಲ್ಲಿ ಬರ್ಫಿಯ ಹಾಗೆ ಕತ್ತರಿಸಿ ಅತ್ತೆಯೇ ಬಡಿಸಿದರು.

ಬೆಣ್ಣೆ ಹರಿಯಬಾರದಾದರೆ ಹಿಟ್ಟನ್ನು ಫ್ರಿಜ್ಜಿನಲ್ಲಿಡಬೇಕು. ಬೆಣ್ಣೆ ಗಟ್ಟಿಯಾಗುತ್ತದೆ, ಓಟ್ಸ್ ಕೂಡ ಅಷ್ಟರಲ್ಲಿ ಪಸೆ ಹೀರಿಕೊಳ್ಳುತ್ತದೆ. ಸರಿ, ಇಟ್ಟೆ. ಆದರೆ ಜೂನ್ ತಿಂಗಳಲ್ಲಿ ನಮ್ಮ ಫ್ರಿಜ್ಜಿನಲ್ಲಿ ಹಲಸಿನ ಹಣ್ಣಿನದೇ ರಾಜ್ಯಭಾರ. ಬೆಣ್ಣೆಗೆ ಪಕ್ಕದವರ ವಾಸನೆ ಎಳೆದುಕೊಳ್ಳುವ ಚಾಳಿ ಇದೆ. ಕುಕ್ಕಿ ಬಾಯಿಗಿಟ್ಟರೆ ಮೊದಲು ಹಲಸು, ಆಮೇಲೆ ದಾಲ್ಚಿನ್ನಿ. ಪಕ್ಕದ ಮನೆಯವರು ಅದನ್ನು ಹೊಗಳಿದರು. "ಹಲಸಿನ ಹಣ್ಣಿನ ಬಿಸ್ಕತ್ತು, ಎಂಥ ಐಡಿಯಾ!"

ಆದರೆ ನಿಜವಾದ ಜಗಳ ಹತ್ತಿದ್ದು ಕೊನೆಯ ಎರಡು ನಿಮಿಷದ ಮೇಲೆ. ಈ ಕುಕ್ಕಿಯನ್ನು ಬೆಂದ ಮೇಲೆ ತೆಗೆಯುವುದಲ್ಲ, ಬೇಯುವ ಮೊದಲೇ ತೆಗೆಯಬೇಕು. ಹತ್ತು ಹನ್ನೆರಡು ನಿಮಿಷಕ್ಕೆ ಅಂಚು ಕೆಂಪಾಗಿರುತ್ತದೆ, ನಡು ಇನ್ನೂ ಹಸಿ ಕಾಣುತ್ತದೆ, ಬೆರಳಿಟ್ಟರೆ ಕುಳಿ ಬೀಳುತ್ತದೆ. ಆಗಲೇ ಹೊರಗಿಟ್ಟು, ಐದು ನಿಮಿಷ ಟ್ರೇಯಲ್ಲೇ ಬಿಟ್ಟರೆ ಒಳಗಿನ ಬಿಸಿಗೆ ಉಳಿದದ್ದು ಬೇಯುತ್ತದೆ. ಇದನ್ನು ಅತ್ತೆಗೆ ವಿವರಿಸಿದೆ. ಅವರು ಕುಳಿ ಬಿದ್ದ ಜಾಗವನ್ನು ನೋಡಿದರು, ನನ್ನನ್ನು ನೋಡಿದರು. "ಬೆಂದಿಲ್ಲ ಅಂದ್ರೆ ಬೆಂದಿಲ್ಲ" ಅಂದು ಟ್ರೇಯನ್ನು ಒಳಗೆ ತಳ್ಳಿದರು. ನಾನು ತೆಗೆದೆ. ಅವರು ತಳ್ಳಿದರು. ನಮ್ಮ ಮನೆಗೆ ಕರೆಂಟ್ ಬಿಲ್ಲು ಬರುವುದು ಮಲಯಾಳದಲ್ಲಿ, ರೆಸಿಪಿ ಇದ್ದದ್ದು ಇಂಗ್ಲಿಷಿನಲ್ಲಿ, ಈ ಮಾತುಕತೆ ಮಾತ್ರ ಅಚ್ಚ ಕನ್ನಡದಲ್ಲೇ ನಡೆಯಿತು. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಬಾಗಿಲು ತೆಗೆದರೆ ಬಿಸಿ ಹೋಗುತ್ತದೆ ಅಂತ ಅತ್ತೆ ಓವನ್ನಿಗೆ ಕಾವಲು ಕೂತರು. ಕತ್ತಲಲ್ಲಿ ಅದು ನಿಧಾನಕ್ಕೆ ಒಣಗುತ್ತಾ ಹೋಯಿತು.

ಹೊರಗೆ ಬಂದದ್ದು ಗೋಟಡಿಕೆಗಿಂತ ಗಟ್ಟಿ. ಕಟುಂ ಅಂತ ಸದ್ದೂ ಬಂತು. ಮನೆಮಂದಿಗೆಲ್ಲ ಭಾರೀ ಖುಷಿ. "ಈಗ ನೋಡು, ಬಿಸ್ಕತ್ತು ಅಂದ್ರೆ ಹೀಗಿರಬೇಕು" ಅಂತ ಅತ್ತೆ ತಟ್ಟೆ ತುಂಬ ಹಾಕಿ ಮೇಜಿನ ಮೇಲಿಟ್ಟರು. ಮಾವನೊಬ್ಬರೇ ಮುಟ್ಟಲಿಲ್ಲ. ಎಲೆಯಡಿಕೆಯನ್ನೇ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕುವವರು ಇದನ್ನೇನು ಮುಟ್ಟುತ್ತಾರೆ?

ರಾತ್ರಿಯಿಡೀ ಮಳೆ. ತಟ್ಟೆ ಮುಚ್ಚಲು ಯಾರಿಗೂ ನೆನಪಾಗಲಿಲ್ಲ. ಬೆಲ್ಲ ತನ್ನ ಬುದ್ಧಿ ಬಿಡುತ್ತದಾ, ಗಾಳಿಯ ಪಸೆಯನ್ನೆಲ್ಲ ಎಳೆದುಕೊಂಡಿತು. ಬೆಳಿಗ್ಗೆ ಎದ್ದು ಒಂದು ಮುರಿದರೆ ಮುರಿಯಲೇ ಇಲ್ಲ, ಬಾಗಿತು! ಅಗಿದೆ. ಜಗ್ಗಿತು. ನಾದಿನಿಯ ಡಬ್ಬದಲ್ಲಿದ್ದಂಥದ್ದೇ, ಅಂಚು ಮಾತ್ರ ಅಷ್ಟು ಗರಿಗರಿ ಇಲ್ಲ. ಇವರನ್ನು ಕರೆದು ತೋರಿಸೋಣ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ, "ಎಲ್ಲ ಮೆತ್ತಗಾಯಿತು, ಇನ್ನು ದನಕ್ಕೇ" ಅಂತ ತಟ್ಟೆ ಹಿಡಿದು ಅಕ್ಕಚ್ಚಿನ ಬಾಲ್ದಿಯ ಹತ್ತಿರ ಹೋಗಿದ್ದರು.

ಅಲ್ಲಿ ಮಾವ ಅಡ್ಡ ನಿಂತಿದ್ದರು. ಬಾಯಿ ತುಂಬಿತ್ತು, ಮಾತಾಡುವ ಹಾಗಿರಲಿಲ್ಲ. ಕೈಯಿಂದಲೇ ತಟ್ಟೆಯನ್ನು ಇಸಿದುಕೊಂಡು, ನುಂಗಿ ಮುಗಿಸಿ, ನನ್ನ ಕಡೆ ತಿರುಗಿ ಹೇಳಿದರು.

"ಮಗಾ, ಇನ್ನೊಮ್ಮೆ ಹಾಳಾದಾಗ ಮೊದಲು ನನಗೆ ಹೇಳು."