ರೆಕ್ಸಿನ್ ಆಮೇಲೆ, ಮೊದಲು ಒಳಗಿನ ಸ್ಪಾಂಜು ನೋಡಿ

ತುಮಕೂರಲ್ಲಿ ಬೈಕ್ ಸೀಟ್ ಹಾಳಾಯ್ತು ಅಂದ್ರೆ ಎಲ್ಲರ ಕಣ್ಣೂ ಮೊದಲು ಹೋಗೋದು ರೆಕ್ಸಿನ್ ಮೇಲೆ. ಹರಿದಿದ್ಯಾ, ಬಿರುಕು ಬಿಟ್ಟಿದ್ಯಾ, ಬಣ್ಣ ಹೋಗಿದ್ಯಾ ಅಂತ ನೋಡ್ತೀವಿ. ನಾನೀಗ ಇರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ, ಇಲ್ಲಿ ದೂರ ದೂರ ಬೈಕಲ್ಲಿ ಹೋಗೋರು ಕವರ್ ಬಗ್ಗೆ ಕೊನೆಗೆ ಮಾತಾಡ್ತಾರೆ, ಮೊದಲು ಕೇಳೋದೇ ಎಷ್ಟು ಹೊತ್ತಿಗೆ ನೋವು ಶುರುವಾಗುತ್ತೆ, ಎಲ್ಲಿ ನೋವು, ಸೊಂಟಾನಾ ಬಾಲದ ಮೂಳೆನಾ ತೊಡೆ ಒಳಗಾ ಅಂತ. ಎರಡೂ ಕಡೆ ಸೀಟ್ ಮಾಡ್ಸಿ, ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿ ನನಗೆ ಅನ್ಸಿರೋದು ಇಷ್ಟು, ಕೈಕೆಲಸ ನಮ್ಮೂರಲ್ಲೇ ಚೆನ್ನಾಗಿದೆ, ಕೇಳೋ ಪ್ರಶ್ನೆ ಇಲ್ಲಿ ಚೆನ್ನಾಗಿದೆ. ಹಳೇ ಟೂರಿಂಗ್ ಬೈಕ್, ಅಂದ್ರೆ ದೂರ ಪ್ರಯಾಣದ ಬೈಕ್ ಇಟ್ಕೊಂಡಿರೋರು ಸೀಟ್ ಎಸೆದು ಹೊಸದು ತರ್ಸೋ ಬದಲು ಇರೋ ಬೇಸ್, ಅಂದ್ರೆ ಸ್ಪಾಂಜಿನ ಕೆಳಗಿರೋ ತಗಡಿನ ಇಲ್ಲಾ ಪ್ಲಾಸ್ಟಿಕ್ ತಳ ಉಳಿಸ್ಕೊಂಡು, ಕೂರೋನ ಮೈಗೆ ತಕ್ಕಂಗೆ ಸ್ಪಾಂಜು ಕಟ್ಟಿಸ್ಬೇಕು ಅನ್ನೋದು ನನ್ನ ವಾದ.

ಇಲ್ಲಿ ನನ್ನತ್ರ ಇರೋದು ಹೋಂಡಾ ಎಸ್‌ಟಿ 1100. 1990ರಿಂದ 2002ರವರೆಗೆ ಹೋಂಡಾ ಮಾಡಿದ ಗಾಡಿ, ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಡೆ ಇರುತ್ತೆ, 28 ಲೀಟರ್ ಹಿಡಿಯುತ್ತೆ, ಒಂದ್ಸಲ ತುಂಬಿಸಿದ್ರೆ 400 ಕಿಲೋಮೀಟರ್ ಮೇಲೆ ಹೋಗುತ್ತೆ. ಅಂದ್ರೆ ನಮ್ಮ ಲೆಕ್ಕದಲ್ಲಿ ತುಮಕೂರಲ್ಲಿ ಫುಲ್ ಟ್ಯಾಂಕ್ ಮಾಡ್ಸಿದ್ರೆ ಹುಬ್ಬಳ್ಳಿ ದಾಟಬಹುದು. ಅಂಥ ಗಾಡಿಲಿ ಪೆಟ್ರೋಲ್ ಮುಗಿಯೋಕೆ ಮುಂಚೆ ಕೂತಿರೋನೇ ಇಳಿಬೇಕು ಅಂದ್ರೆ ಆ ಟ್ಯಾಂಕ್ ಯಾಕೆ ಬೇಕಿತ್ತು? ಸ್ಪಾಂಜು ಅನ್ನೋದು ಪಾಲಿಯುರೆಥೇನ್ ಫೋಮು, ವರ್ಷಗಟ್ಟಲೆ ಭಾರ, ಬಿಸಿಲು, ನೀರು ತಿಂದು ಒಳಗಿನ ಗೂಡುಗಳು ಒಡೆದು ಪುಟಿಯೋ ಗುಣನೇ ಹೋಗ್ಬಿಡುತ್ತೆ. ಮೇಲೆ ಕವರ್ ಹೊಸದಿದ್ರೂ ಇದು ಕಾಣಲ್ಲ. ಮುಷ್ಟಿ ಮಾಡಿ ಕೂರೋ ಜಾಗದಲ್ಲಿ ಜೋರಾಗಿ ಒತ್ತಿ ನೋಡಿ, ಬೆರಳ ಗೆಣ್ಣಿಗೆ ಕೆಳಗಿನ ಬೇಸ್ ಗಟ್ಟಿಯಾಗಿ ಸಿಕ್ತು ಅಂದ್ರೆ ಆ ಫೋಮಿನ ಕಥೆ ಮುಗೀತು ಅಂತ.

ಇಂಥ ಹಳೇ ಗಾಡಿಗೆ ಗುಜರಿಲಿ ಸಿಗೋ ಸೀಟ್ ತರ್ಸೋದು ನನ್ನ ಪ್ರಕಾರ ದುಡ್ಡು ದಂಡ, ಯಾಕಂದ್ರೆ ಆ ಸೀಟಿಗೂ ಅಷ್ಟೇ ವಯಸ್ಸಾಗಿರುತ್ತೆ, ಅದರ ಫೋಮೂ ಅಷ್ಟೇ ಸತ್ತಿರುತ್ತೆ. ಇನ್ನು ಅಮೆರಿಕದಲ್ಲಿ ದೊಡ್ಡ ಸೀಟ್ ತಯಾರಕರಿದ್ದಾರೆ. ಇಲ್ಲೇ ಒಂದು ಗಂಟೆ ದಾರಿ ಹಾಲಿಸ್ಟರ್ ಊರಲ್ಲಿ ಕಾರ್ಬಿನ್, ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ರಸೆಲ್, ಫ್ಲೋರಿಡಾದಲ್ಲಿ ಸಾರ್ಜೆಂಟ್. ರಸೆಲ್‌ನವರು ನಿಮ್ಮ ಎತ್ತರ, ತೂಕ ಕೇಳಿ, ನೀವು ಗಾಡಿ ಮೇಲೆ ಕೂತಿರೋ ಫೋಟೋ ತರಿಸ್ಕೊಂಡು ಅದರ ಪ್ರಕಾರ ಕಟ್ತಾರೆ, ಅವರ ಡೇ-ಲಾಂಗ್ ಸೀಟಲ್ಲಿ ಫೋಮಿನ ಜೊತೆ ಸ್ಪ್ರಿಂಗೂ ಇರುತ್ತೆ. ಸ್ಪ್ರಿಂಗ್ ಅಂದಾಗ ನಮ್ಮ ಹಳೇ ಬುಲೆಟ್ಟುಗಳ ಒಂಟಿ ಸೀಟ್ ನೆನಪಾಗದೇ ಇರಲ್ಲ, ಆ ಸೀಟ್ ಮೇಲೆ ಊರೂರು ಸುತ್ತಿದ ಹಿರಿಯರು ನಮ್ಮಲ್ಲಿ ಎಷ್ಟು ಜನ ಇದ್ದಾರೆ. ಕಾರ್ಬಿನ್ ಫೋಮು ಗಟ್ಟಿ, ಅಲ್ಲಿಗೇ ಗಾಡಿ ಓಡಿಸ್ಕೊಂಡು ಹೋದ್ರೆ ನಿಮ್ಮನ್ನ ಕೂರಿಸಿ ತಿದ್ದಿ ಕೊಡ್ತಾರೆ. ಇದು ನನಗೆ ತುಂಬಾ ಹಿಡಿಸಿದ ವಿಷಯ, ಕೂರೋ ಮನುಷ್ಯನ ಅಳತೆ ತಗೋಳೋದು. ಬಟ್ಟೆ ಹೊಲಿಸೋಕೆ ಅಳತೆ ಕೊಡೋ ನಾವು ಇಡೀ ದಿನ ಕೂರೋ ಸೀಟಿಗೆ ಯಾಕೆ ಕೊಡಲ್ಲ?

ಆದ್ರೆ ಇಲ್ಲಿನ ಪದ್ಧತಿಲಿ ನನಗೆ ಬೇಜಾರಾಗೋದೂ ಇದೆ. ನೂರಾರು ಡಾಲರ್, ಜೊತೆಗೆ ವಾರಗಟ್ಟಲೆ ಕಾಯೋದು, ಸೀಟನ್ನ ಡಬ್ಬದಲ್ಲಿ ಹಾಕಿ ಕೊರಿಯರ್ ಮಾಡೋದು. ನಾನು ಒಂದ್ಸಲ ಒಂದು ಕಡೆ ಹಾಗೆ ಕಳಿಸಿ ವಾಪಸ್ ಬಂದಾಗ ಮುಂದಿನ ತುದಿ ಅಗಲ ಆಗಿ ಕಾಲು ನೆಲಕ್ಕೆ ಸರಿಯಾಗಿ ಎಟಕ್ತಿರಲಿಲ್ಲ, ಮತ್ತೆ ಡಬ್ಬ, ಮತ್ತೆ ಕೊರಿಯರ್, ಮತ್ತೆ ಕಾಯೋದು, ಒಳ್ಳೇ ಬೇಸಿಗೆ ಅರ್ಧ ಹಾಗೇ ಹೋಯ್ತು. ಕಣ್ಣೆದುರು ಕೂತು ಮಾಡೋನಿದ್ದಿದ್ರೆ ಅದು ಹತ್ತು ನಿಮಿಷದ ಕೆಲಸ.

ಆ ಕಣ್ಣೆದುರು ಮಾಡೋ ಜನ ನಮ್ಮೂರಲ್ಲಿದ್ದಾರೆ. ಊರಿಗೆ ಬಂದಾಗ ಅಣ್ಣನ ಹಳೇ ಬುಲೆಟ್ ಸೀಟ್ ತಗೊಂಡು ಬಿ.ಎಚ್. ರಸ್ತೆ ಕಡೆ ಒಂದು ಕುಶನ್ ಅಂಗಡಿಗೆ ಹೋಗಿದ್ವಿ. ಅಂಗಡಿಯವರು ಸೀಟ್ ಬೋರಲು ಹಾಕಿ, ಸ್ಕ್ರೂಡ್ರೈವರ್ ತುದಿಲಿ ತಗಡಿನ ಹಲ್ಲುಗಳನ್ನ ಒಂದೊಂದೇ ಎಬ್ಬಿಸಿ ಕವರ್ ಕಿತ್ತರು, ಹೊಲಿಗೆ ಬಿಚ್ಚಿ ಆ ಹಳೇ ತುಂಡುಗಳನ್ನೇ ಹೊಸ ರೆಕ್ಸಿನ್ ಮೇಲೆ ಹರಡಿ ಚಾಕ್‌ಪೀಸಲ್ಲಿ ಗೆರೆ ಎಳೆದರು, ಅಂಚಿಗೆ ಬೆರಳಷ್ಟು ಜಾಗ ಬಿಟ್ಟು ಕತ್ತರಿಸಿ ಕಾಲಲ್ಲಿ ತುಳಿಯೋ ಮಿಷನ್ನಲ್ಲಿ ಬೀಡಿಂಗ್, ಅಂದ್ರೆ ಅಂಚಿನ ಉಬ್ಬು ಪಟ್ಟಿ ಕೊಟ್ಟು ಹೊಲಿದು, ಆ ಕವರನ್ನ ಬಾಗಿಲಾಚೆ ಬಿಸಿಲಿಗೆ ಇಟ್ಟರು. ಬಿಸಿಲಿಗೆ ರೆಕ್ಸಿನ್ ಮೆತ್ತಗಾಗಿ ಎಳೆದಂಗೆ ಬರುತ್ತೆ, ಅದೇ ಕೆಲಸಕ್ಕೆ ಅಮೆರಿಕದಲ್ಲಿ ಬಿಸಿಗಾಳಿ ಊದೋ ಹೀಟ್ ಗನ್ ಹಿಡಿತಾರೆ. ಅವರು ಕೇಳಿದ್ದು ಮಾತ್ರ ಎರಡೇ. "ಪ್ಲೇನ್ ಹಾಕ್ಲಾ ಡಿಸೈನ್ ಹಾಕ್ಲಾ ಅಣ್ಣ?" "ಬೀಡಿಂಗ್ ರೆಡ್ಡಾ ಬ್ರೌನಾ?"

ಆಗ ನಮ್ಮಣ್ಣ, ಧರ್ಮಸ್ಥಳಕ್ಕೆ ಹೋಗಿ ಬರೋಷ್ಟರಲ್ಲಿ ಕೂರಕ್ಕೇ ಆಗಲ್ಲ ಕಣಪ್ಪ ಅಂದ. ಅವರು ಸ್ಪಾಂಜನ್ನ ಎರಡು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಇದು ಸತ್ತೋಗೈತೆ ಅಣ್ಣ, ಮೊದ್ಲೇ ಹೇಳಾದಲ್ವಾ" ಅಂದ್ರು. ಆಮೇಲೆ ನೋಡ್ಬೇಕು ಆ ಕೆಲಸ! ಕೂರೋ ಜಾಗದಲ್ಲಿ ಸತ್ತಿರೋ ಭಾಗವನ್ನ ಹ್ಯಾಕ್ಸಾ ಬ್ಲೇಡಲ್ಲಿ ಬಟ್ಟಲಾಕಾರಕ್ಕೆ ಕೊಯ್ದು ತೆಗೆದು, ಅಲ್ಲಿಗೆ ರೀಬಾಂಡ್, ಅಂದ್ರೆ ಫೋಮ್ ಚೂರುಗಳನ್ನ ಅಂಟಿಸಿ ಒತ್ತಿ ಮಾಡಿದ ಗಟ್ಟಿ ಸ್ಪಾಂಜಿನ ತುಂಡು ಕೂರಿಸಿ ಎರಡೂ ಕಡೆ ಗಮ್ ಸವರಿ ಒಣಗೋಕೆ ಬಿಟ್ಟು ಒತ್ತಿ, ಮೇಲೆ ಒಂದು ಪದರ ಮೆತ್ತನೆ ಸ್ಪಾಂಜು ಹಾಕಿ, ಅಂಚುಗಳನ್ನ ಗ್ರೈಂಡರಲ್ಲಿ ಉಜ್ಜಿ ಇಳಿಸಿದ್ರು. ಅಣ್ಣನ್ನ ಸೀಟ್ ಮೇಲೆ ಕೂರಿಸಿ, ಎಬ್ಬಿಸಿ, ಅಂಗೈ ಆಡಿಸಿ ನೋಡಿ ಮತ್ತೆ ಉಜ್ಜಿದ್ರು. ಈ ವಿದ್ಯೆ ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಸೋಫಾ, ಆಟೋ ಸೀಟು, ಟ್ರ್ಯಾಕ್ಟರ್ ಸೀಟು ಮಾಡಿ ಮಾಡಿ ಕೈಗೆ ಬಂದಿರೋದು. ಗಿರಾಕಿ ಕೇಳಲ್ಲ, ಕೇಳದಿರೋ ಕೆಲಸಕ್ಕೆ ದುಡ್ಡೂ ಸಿಗಲ್ಲ, ಹಾಗಾಗಿ ಅವರೂ ಕವರ್ ಹಾಕಿ ಕಳಿಸ್ತಾರೆ. ನಾವು ಅಂಗಡಿಗೆ ಹೋಗಿ ಒಂದರ್ಧ ಗಂಟೆಲಿ ಮಾಡ್ಕೊಡಿ, ಎಷ್ಟಾಗುತ್ತೆ, ಕಮ್ಮಿ ಮಾಡ್ಕೊಳ್ಳಿ ಅಂತೀವಿ, ಅಲ್ಲಿಗೆ ಮುಗೀತು.

ಸ್ಪಾಂಜಿನ ವಿಷಯದಲ್ಲಿ ಎಲ್ಲರಿಗೂ ಇರೋ ದೊಡ್ಡ ತಪ್ಪು ತಿಳುವಳಿಕೆ ಮೆತ್ತಗಿದ್ರೆ ಆರಾಮ ಅನ್ನೋದು. ಅಂಗಡಿಲಿ ಕೂತು ನೋಡಿದಾಗ ಮೆತ್ತನೇದೇ ಚೆನ್ನಾಗಿರುತ್ತೆ, ನಿಜ. ಆದ್ರೆ ಕೂತಾಗ ನಮ್ಮ ಭಾರದಲ್ಲಿ ಹೆಚ್ಚಿನ ಪಾಲು ಬೀಳೋದು ಕುಂಡೆಯ ಎರಡು ಮೂಳೆ ಮೇಲೆ, ಮೆತ್ತನೆ ಫೋಮಲ್ಲಿ ಅವು ಇಳಿದು ಇಳಿದು ಬೇಸ್ ಹತ್ರ ಹೋಗಿ ನಿಲ್ತವೆ, ಶಿರಾ ದಾಟೋಷ್ಟರಲ್ಲಿ ಗಾಡಿ ಮೇಲೆ ಎದ್ದು ಎದ್ದು ಕೂರೋ ಹಾಗಾಗುತ್ತೆ. ಕೆಳಗೆ ಗಟ್ಟಿ ಪದರ, ಮೇಲೆ ತೆಳ್ಳಗೆ ಮೆತ್ತನೇದು, ಮತ್ತೆ ಮೂಳೆ ಕೂರೋ ಜಾಗ ಅಗಲ, ಮುಂದೆ ತೊಡೆ ಹತ್ರ ಕಿರಿದು, ಇಷ್ಟಿದ್ರೆ ಭಾರ ಹಂಚ್ಕೊಳುತ್ತೆ, ಕಾಲೂ ನೆಲಕ್ಕೆ ಸಿಗುತ್ತೆ. ಡೆನ್ಸಿಟಿ 32, 40 ಅಂತ ಹೇಳ್ತಾರಲ್ಲ, ಅದು ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನೋ ಲೆಕ್ಕ, ಬಾಳಿಕೆಗೆ ಸಂಬಂಧಪಟ್ಟಿದ್ದು, ಗಟ್ಟಿ ಮೆತ್ತನೆ ಅನ್ನೋದು ಬೇರೆ ವಿಷಯ, ಅದನ್ನ ಒತ್ತಿಯೇ ನೋಡ್ಬೇಕು. ಇನ್ನೊಂದು, ಸೀಟ್ ಮುಂದಕ್ಕೆ ಇಳಿಜಾರಾಗಿದ್ರೆ ಬ್ರೇಕ್ ಹಾಕಿದಾಗೆಲ್ಲ ಜಾರಿ ಟ್ಯಾಂಕಿಗೆ ಒತ್ಕೊಂಡು ಕೈಮೇಲೆ ಭಾರ ಬೀಳುತ್ತೆ, ಆ ಭುಜ ನೋವಿಗೆ ನಾವು ಹ್ಯಾಂಡಲ್ ಬದಲಾಯಿಸ್ತೀವಿ. ಮುಂಭಾಗ ಸ್ವಲ್ಪ ಎತ್ತರಿಸಿ ಸಮ ಮಾಡಿದ್ರೆ ಎಷ್ಟೋ ಕಮ್ಮಿ ಆಗುತ್ತೆ.

ಜೆಲ್ ಪ್ಯಾಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಬಿಸಿಲಲ್ಲಿ ಗಾಡಿ ನಿಲ್ಲಿಸಿ ಬಂದ್ರೆ ಶಾಖ ಹಿಡ್ಕೊಂಡಿರುತ್ತೆ. ಇಲ್ಲಿ ದೂರ ಹೋಗೋರು ಸೀಟ್ ಮೇಲೆ ಕುರಿ ಚರ್ಮ ಹಾಕ್ತಾರೆ, ಉಣ್ಣೆ ಗಾಳಿ ಆಡೋಕೆ ಬಿಡುತ್ತೆ, ಬೆವರು ನಿಲ್ಲಲ್ಲ. ಶಿರಾ, ಪಾವಗಡ ಕಡೆ ನಮಗೆ ಕುರಿಗೇನು ಕಮ್ಮಿ, ಒಂದು ಕಂಬಳಿ ತುಂಡು ಮಡಿಸಿ ಹಾಕಿದ್ರೂ ಆ ಗುಣ ಬರುತ್ತೆ.

ನೀರಿನ ವಿಷಯ ಮರೀಬೇಡಿ. ಹೊಲಿಗೆಯ ಸೂಜಿ ತೂತಲ್ಲಿ ಮಳೆ ನೀರು ಒಳಗೆ ಹೋಗಿ ಫೋಮ್ ಕುಡ್ಕೊಂಡು ಕೂತಿರುತ್ತೆ, ಮೇಲೆ ಒಣಗಿದಂಗೆ ಕಂಡ್ರೂ ಕೂತ ತಕ್ಷಣ ಪ್ಯಾಂಟ್ ಒದ್ದೆ, ಕೆಳಗೆ ತಗಡಿಗೆ ತುಕ್ಕು. ಹೊಲಿಗೆ ಕೂರೋ ಜಾಗದ ನಡುವೆ ಬರದಂಗೆ ಪಕ್ಕಕ್ಕೆ ಇಡ್ಸಿ, ಒಳಗಡೆಯಿಂದ ಹೊಲಿಗೆ ಮೇಲೆ ನೀರು ಹಿಡಿಯದ ಟೇಪ್ ಅಂಟಿಸೋಕೆ ಹೇಳಿ. ಬೇಸ್ ತಗಡಿನದಾಗಿದ್ರೆ ಕವರ್ ಬಿಚ್ಚಿದಾಗಲೇ ತುಕ್ಕು ಉಜ್ಜಿ ಪೇಂಟ್ ಹೊಡೆಸ್ಕೊಳ್ಳಿ, ಆಮೇಲೆ ಆ ಅವಕಾಶ ಸಿಗಲ್ಲ. ಪ್ಲಾಸ್ಟಿಕ್ ಬೇಸ್ ಆದ್ರೆ ಕವರ್ ಹಿಡಿಸೋಕೆ ಹೊಡೆಯೋ ಸ್ಟೇಪ್ಲರ್ ಪಿನ್ 6 ಮಿಲಿಮೀಟರಿಗಿಂತ ಉದ್ದ ಬೇಡ, ತುಕ್ಕು ಹಿಡಿಯದ ಸ್ಟೀಲ್ ಪಿನ್ನೇ ಹೊಡೆಸಿ.

ಊರಲ್ಲಿರೋ ಹುಡುಗರು ಈಗ ಗೋವಾ, ಲಡಾಖ್ ಅಂತ ಹೊರಡ್ತಾರೆ, ಹೊರಡೋ ಹಿಂದಿನ ದಿನ ಆನ್‌ಲೈನಲ್ಲಿ ಗಾಳಿ ಕುಶನ್ ತರಿಸ್ತಾರೆ. ಅದರ ಬದಲು ಎರಡು ವಾರ ಮುಂಚೆ ನಿಮ್ಮ ಏರಿಯಾದ ಕುಶನ್ ಅಂಗಡಿಗೆ ಸೀಟ್ ಅಲ್ಲ, ಗಾಡಿನೇ ತಗೊಂಡು ಹೋಗಿ. ಎಲ್ಲಿ ನೋವಾಗುತ್ತೆ ಅಂತ ಕೈ ಇಟ್ಟು ತೋರ್ಸಿ. ಸ್ಪಾಂಜು ಕೊಯ್ದು ಅಂಟಿಸಿ ಆದ್ಮೇಲೆ ಹೊಸ ಕವರ್ ಹೊಲಿಸೋಕೆ ಅವಸರ ಮಾಡ್ಬೇಡಿ, ಹಳೇ ಕವರನ್ನೇ ಸುಮ್ನೆ ಹೊದಿಸಿ ದಾರ ಕಟ್ಟಿಸ್ಕೊಂಡು ದೇವರಾಯನದುರ್ಗಕ್ಕೋ ಕುಣಿಗಲ್ಲಿಗೋ ಒಂದು ಸುತ್ತು ಹೋಗಿ ಬನ್ನಿ. ಎಲ್ಲಿ ಒತ್ತುತ್ತೆ ಅಂತ ಹೇಳಿ ಇನ್ನೊಂದ್ಸಲ ಉಜ್ಜಿಸಿ, ಆಮೇಲೆ ಅಳತೆ ತೆಗೆಸಿ ಹೊಲಿಸಿ. ಕುಶನ್ನವರು ಎರಡನೇ ಸಲ ಉಜ್ಜಿದ್ದಕ್ಕೆ ಬೇರೆ ಕೂಲಿ ಕೇಳಿದ್ರೆ ಚೌಕಾಸಿ ಮಾಡದೆ ಕೊಟ್ಬಿಡಿ.